ಮಗುವಿನ ಮೊದಲ ನಾಟಕ

ಕನ್ನಡದಲ್ಲಿ ‘ಆಟ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮಕ್ಕಳು ಅಂಗಳದಲ್ಲಿ ಆಡುವುದೂ ಆಟ. ದೊಡ್ಡವರು ವೇಷ ಕಟ್ಟಿ, ಬೆಳಗಾಗುವವರೆಗೆ ಜನರೆದುರು ಆಡುವುದೂ ಆಟ. ಬಯಲಾಟ, ದೊಡ್ಡಾಟ, ಸಣ್ಣಾಟ, ಗೊಂಬೆಯಾಟ ಎಂಬ ಹೆಸರುಗಳೆಲ್ಲ ಈ ಎರಡನೆಯ ಅರ್ಥದಿಂದ ಹುಟ್ಟಿದವು. ಭರತನ ನಾಟ್ಯಶಾಸ್ತ್ರದ ಆರಂಭದಲ್ಲಿ ಬರುವ ಕಥೆಯೂ ಇದಕ್ಕೆ ಹತ್ತಿರವಾದುದು. ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಒಟ್ಟಿಗೆ ಒದಗುವಂಥ ಒಂದು ಆಟಿಕೆ ಬೇಕೆಂದು ಬೇಡಿದರಂತೆ. ಬ್ರಹ್ಮನು ಅವರಿಗೆ ನಾಟ್ಯವನ್ನು ಕೊಟ್ಟನಂತೆ. ಬೇಡಿದ್ದು ಆಟಿಕೆ, ದೊರೆತದ್ದು ನಾಟಕ! ಹೀಗಿರುವಾಗ, ಎಳೆಯ ಮಗುವಿಗೆ ನಾಟಕವೇಕೆ ಎಂದು ನಾವು ಕೇಳುವುದು ವಿಚಿತ್ರವಲ್ಲವೆ?

ಆದರೂ ಕೇಳುತ್ತೇವೆ. ನನಗೆ ಈ ಪ್ರಶ್ನೆ ಎದುರಾದದ್ದು ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಆ ಊರಿನಲ್ಲಿ ನೆಲೆಸಿದ್ದೇನೆ. ಮಗಳ ಮನೆ ಅರಕಲಗೂಡಿನಲ್ಲಿದೆ. ಅವಳ ಮಗಳು ಪುಟ್ಟಿಗೆ ಆಗ ಎರಡೂವರೆ ವರ್ಷ. ಹಾಸನದಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳ ನಾಟಕವೊಂದು ನಡೆಯುವುದೆಂದು ತಿಳಿದು, ಮಗಳು ಮತ್ತು ಮೊಮ್ಮಗಳೊಡನೆ ಬಸ್ಸಿಗಾಗಿ ಕಾದು ನಿಂತಿದ್ದೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಎದುರಾದರು.

“ಏನು ಮೇಷ್ಟ್ರೇ, ಮೊಮ್ಮಗಳ ಸವಾರಿ ಎಲ್ಲಿಗೆ?” ಎಂದರು.

“ಹಾಸನಕ್ಕೆ, ನಾಟಕ ನೋಡುವುದಕ್ಕೆ” ಎಂದೆ.

ಅವರು ಮಗುವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಕ್ಕರು. “ಇಷ್ಟು ಚಿಕ್ಕದಕ್ಕೆ ನಾಟಕ ಏನು ತಿಳಿದೀತು? ಇನ್ನು ನಾಲ್ಕೈದು ವರ್ಷ ಹೋಗಲಿ ಬಿಡಿ. ಹೋಗಿ ಬರುವ ದಣಿವು ಮಾತ್ರ ನಿಮಗೆ ಉಳಿಯುತ್ತದೆ” ಎಂದರು.

ಅಷ್ಟರಲ್ಲಿ ಬಸ್ಸು ಬಂದಿತು. ಅವರಿಗೆ ಉತ್ತರ ಕೊಡಲು ನನಗೆ ಸಮಯವಿರಲಿಲ್ಲ. ನಿಜ ಹೇಳಬೇಕೆಂದರೆ, ಉತ್ತರವೂ ಇರಲಿಲ್ಲ. ಅಂದು ನಡೆದ ಸಂಗತಿಯನ್ನು ಹೇಳಿ, ಆ ಮೇಲೆ ನನಗೆ ತೋರಿದ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಹೊಳೆನರಸೀಪುರದಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರು. ಮಗು ಪ್ರತಿದಿನ ಮಲಗುವ ಹೊತ್ತಿನಲ್ಲಿ ನಾವು ಬಸ್ಸಿನಲ್ಲಿದ್ದೆವು. ಅದು ನಿದ್ದೆ ಮಾಡಲಿಲ್ಲ. ಕಿಟಕಿಯ ಹೊರಗಿನ ತೆಂಗಿನ ಮರಗಳನ್ನೂ ದನಗಳನ್ನೂ ಎಣಿಸುವ ಉತ್ಸಾಹದಲ್ಲಿತ್ತು. ಸಭಾಂಗಣವನ್ನು ಸೇರಿದ ಮೇಲೆ, ಚೆನ್ನಾಗಿ ಕಾಣಲೆಂದು ನಾನು ಮುಂದಿನಿಂದ ಎರಡನೆಯ ಸಾಲಿನಲ್ಲಿ, ನಡುದಾರಿಯ ಪಕ್ಕದಲ್ಲಿ ಕುಳಿತೆ. ಇವು ನಾನು ಮಾಡಿದ ಮೊದಲ ಎರಡು ತಪ್ಪುಗಳೆಂದು ಆಗ ತಿಳಿಯಲಿಲ್ಲ.

ನಾಟಕ ಪಂಚತಂತ್ರದ ನೀಲಿನರಿಯ ಕಥೆ. ಅಗಸನ ನೀಲಿಯ ಬಾನಿಯಲ್ಲಿ ಬಿದ್ದು ಬಣ್ಣ ಬದಲಾದ ನರಿಯೊಂದು ಕಾಡಿನ ರಾಜನೆಂದು ಮೆರೆದು, ಕಡೆಗೆ ತನ್ನ ಕೂಗಿನಿಂದಲೇ ಸಿಕ್ಕಿಬೀಳುವ ಕಥೆಯನ್ನು ನೀವೆಲ್ಲ ಬಲ್ಲಿರಿ. ನರಿಯ ಪಾತ್ರದ ಯುವತಿ ಸಾಧಾರಣ ಉಡುಪಿನಲ್ಲಿ ರಂಗದ ಮೇಲೆ ಬಂದಳು. ಎಲ್ಲರೂ ನೋಡುತ್ತಿರುವಂತೆಯೇ ಬಾಲವನ್ನು ಕಟ್ಟಿಕೊಂಡಳು. ಬಳಿಕ ಒಂದು ಬೋಗುಣಿಯಲ್ಲಿ ಕೈ ಅದ್ದಿ, ಕೆನ್ನೆಗೆ, ಹಣೆಗೆ, ತೋಳಿಗೆ ನೀಲಿ ಬಣ್ಣವನ್ನು ಬಳಿದುಕೊಂಡಳು. ನಮ್ಮ ಪುಟ್ಟಿ ನನ್ನ ತೊಡೆಯ ಮೇಲೆ ಎದ್ದು ನಿಂತಿತು. “ತಾತ, ನೀಲಿ! ಅಕ್ಕ ನೀಲಿ!” ಎಂದು ಗಟ್ಟಿಯಾಗಿ ಕೂಗಿತು. ಸುತ್ತಲಿನವರು ನಕ್ಕರು. ನನಗೂ ಹೆಮ್ಮೆಯೆನಿಸಿತು.

ಆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ದೀಪಗಳು ಆರಿದವು. ತಮಟೆಯ ಸದ್ದು ಸಭಾಂಗಣದ ಹಿಂಬದಿಯಿಂದ ಕೇಳಿಬಂದಿತು. ದೊಡ್ಡ ಮುಖವಾಡ ತೊಟ್ಟ ಸಿಂಹವೊಂದು ನಡುದಾರಿಯಲ್ಲಿ, ನಮ್ಮ ಪಕ್ಕದಲ್ಲಿಯೇ, ಗರ್ಜಿಸುತ್ತ ಹಾಯ್ದು ಹೋಯಿತು. ದೊಡ್ಡ ಮಕ್ಕಳು ಸಂತೋಷದಿಂದ ಕಿರುಚಿದರು. ನಮ್ಮ ಮಗು ಕಿರುಚಿದ್ದು ಸಂತೋಷದಿಂದಲ್ಲ. ಅದು ನನ್ನ ಕೊರಳನ್ನು ತಬ್ಬಿ, ಮುಖ ಹುದುಗಿಸಿ, ಮೈಯೆಲ್ಲ ನಡುಗುವಂತೆ ಅಳತೊಡಗಿತು. ಎಷ್ಟು ಸಮಾಧಾನ ಹೇಳಿದರೂ ನಿಲ್ಲಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು, “ಇಷ್ಟು ಚಿಕ್ಕ ಮಕ್ಕಳನ್ನು ಏಕೆ ಕರೆದುಕೊಂಡು ಬರುತ್ತೀರಿ? ನಾಟಕ ನೋಡುವವರು ನೋಡುವುದು ಬೇಡವೆ?” ಎಂದರು. ಅವರ ಮಾತಿನಲ್ಲಿ ಒರಟುತನವಿದ್ದರೂ ತಪ್ಪಿರಲಿಲ್ಲ. ನಾನು ತಲೆ ತಗ್ಗಿಸಿ, ಮಗುವನ್ನೆತ್ತಿಕೊಂಡು ಹೊರಗಿನ ಜಗಲಿಗೆ ಬಂದೆ.

ಮಗಳು ಹಿಂದೆಯೇ ಬಂದಳು. “ಅಪ್ಪ, ಮನೆಗೆ ಹೋಗೋಣ. ಮಗು ಬಹಳ ಹೆದರಿದೆ. ಇನ್ನು ಒಳಗೆ ಕರೆದುಕೊಂಡು ಹೋಗುವುದು ಬೇಡ” ಎಂದಳು. ತಾಯಿಯ ಮಾತು ಅದು, ತೆಗೆದುಹಾಕುವಂತಿರಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಬೇರೊಂದು ಅಂಜಿಕೆ ಹುಟ್ಟಿತ್ತು. ಈಗಲೇ ಹೊರಟುಬಿಟ್ಟರೆ, ನಾಟಕವೆಂದರೆ ಕತ್ತಲೆ, ಸದ್ದು, ಸಿಂಹ ಎಂಬ ಮೂರೇ ನೆನಪುಗಳನ್ನು ಮಗು ಹೊತ್ತುಕೊಂಡು ಹೋಗುವುದಲ್ಲವೆ? ಆ ನೆನಪುಗಳನ್ನು ಅದರ ಮನಸ್ಸಿನಿಂದ ಯಾರು ಯಾವಾಗ ತೆಗೆಯಬೇಕು? ಒಳಗೆ ಹೋಗುವುದಕ್ಕೂ ಆಗದೆ, ಮನೆಗೆ ಹೊರಡುವುದಕ್ಕೂ ಆಗದೆ ನಾನು ಜಗಲಿಯಲ್ಲಿಯೇ ನಿಂತೆ.

ಆಗ ಪಕ್ಕದ ಬಾಗಿಲಿನಿಂದ ಸಿಂಹವೇ ಹೊರಗೆ ಬಂದಿತು! ಮುಖವಾಡ ಕಂಕುಳಿನಲ್ಲಿತ್ತು. ಬೆವರಿನಿಂದ ತೊಯ್ದ ಇಪ್ಪತ್ತರ ಹರೆಯದ ಹುಡುಗನೊಬ್ಬ ನೀರು ಕುಡಿಯಲು ಬಂದಿದ್ದ. ಮಗುವಿನ ಅಳುವನ್ನು ಕಂಡೊಡನೆ ಅವನಿಗೆ ಕಾರಣ ತಿಳಿಯಿತು. ಅವನು ಹತ್ತಿರಕ್ಕೆ ಬರಲಿಲ್ಲ. ಅಷ್ಟು ದೂರದಲ್ಲಿ ಮೆಟ್ಟಿಲ ಮೇಲೆ ಕುಳಿತು, ಮುಖವಾಡವನ್ನು ನೆಲದ ಮೇಲಿಟ್ಟು, “ಪುಟ್ಟಮ್ಮ, ಇದು ರಟ್ಟು. ಒಳಗೆ ಇದ್ದವನು ನಾನು. ನೋಡು” ಎಂದ. ಮುಖವಾಡವನ್ನು ಮೆಲ್ಲಗೆ ಮುಖಕ್ಕೆ ಹಿಡಿದ, ಮೆಲ್ಲಗೆ ಕೆಳಗಿಳಿಸಿದ. ಮತ್ತೊಮ್ಮೆ ಹಾಗೆಯೇ ಮಾಡಿದ. ಮೂರನೆಯ ಸಲ ಮಗು ನನ್ನ ಹೆಗಲಿನಿಂದ ಮುಖವನ್ನೆತ್ತಿ ಪೂರ್ತಿಯಾಗಿ ನೋಡಿತು. ಬಳಿಕ ಕೆಳಗಿಳಿದು, ನನ್ನ ಬೆರಳನ್ನು ಬಿಡದೆ ಮುಂದೆ ಹೋಗಿ, ಸೆಣಬಿನ ನಾರಿನಿಂದ ಮಾಡಿದ ಆ ಕೇಸರವನ್ನು ಒಂದು ಬೆರಳಿನಿಂದ ಮುಟ್ಟಿತು. “ಇನ್ನೊಂದು ಸಲ” ಎಂದಿತು.

ನಾವು ಮತ್ತೆ ಒಳಗೆ ಹೋಗಿ ಬಾಗಿಲ ಬಳಿ ನಿಂತೇ ನಾಟಕದ ಕೊನೆಯನ್ನು ನೋಡಿದೆವು. ನರಿಯ ಗುಟ್ಟು ರಟ್ಟಾಗುವ ಹೊತ್ತಿಗೆ ಸಭೆಯ ಮಕ್ಕಳೆಲ್ಲ ಒಟ್ಟಾಗಿ ಊಳಿಟ್ಟರು. ಎಲ್ಲರ ಕೂಗು ನಿಂತ ಮೇಲೆ ನಮ್ಮ ಪುಟ್ಟಿಯ ಒಂದು ಸಣ್ಣ ಊಳು ಬಾಗಿಲ ಬಳಿಯಿಂದ ಕೇಳಿತು. ಈ ಸಲ ಯಾರೂ ಗದರಲಿಲ್ಲ.

ಇನ್ನು ನನ್ನ ಸಹೋದ್ಯೋಗಿಯ ಪ್ರಶ್ನೆಗೆ ಬರುತ್ತೇನೆ. ಎಳೆಯ ಮಗುವಿಗೆ ನಾಟಕ ಏನು ತಿಳಿದೀತು? ಕಥೆಯ ನೀತಿಯಾಗಲಿ, ಮಾತಿನ ಚಮತ್ಕಾರವಾಗಲಿ ತಿಳಿಯುವುದಿಲ್ಲವೆಂಬುದು ನಿಜ. ಆದರೆ ತಿಳಿಯುವುದಕ್ಕೆ ಅಷ್ಟೇ ಅರ್ಥವೆ? ತಾಯಿಯ ಜೋಗುಳದಲ್ಲಿ ಒಂದು ಮಾತೂ ಮಗುವಿಗೆ ತಿಳಿಯದು. ಆದರೂ ಅದು ನಿದ್ದೆ ಹೋಗುತ್ತದೆ. ಎರಡು ವರ್ಷದ ಆಸುಪಾಸಿನಲ್ಲಿ ಮಗುವಿಗೆ ಒಂದು ಹೊಸ ಶಕ್ತಿ ಬರುತ್ತದೆ. ಕೋಲನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಕುದುರೆಯೆನ್ನುತ್ತದೆ. ಬರಿಯ ಲೋಟದಿಂದ ಬೊಂಬೆಗೆ ಹಾಲು ಕುಡಿಸುತ್ತದೆ. ಇಲ್ಲದುದನ್ನು ಇದೆಯೆಂದು ಭಾವಿಸಿ, ಹಾಗೆ ಭಾವಿಸಿದ್ದೇನೆಂಬುದನ್ನೂ ನೆನಪಿನಲ್ಲಿ ಇಟ್ಟುಕೊಳ್ಳುವ ಶಕ್ತಿ ಇದು. ನಾಟಕ ನಿಂತಿರುವುದು ಈ ಶಕ್ತಿಯ ಮೇಲೆ. ಅಷ್ಟೇ ಏಕೆ, ‘ಅ’ ಎಂಬ ಗೆರೆಯನ್ನು ಒಂದು ದನಿಯೆಂದೂ, ‘5’ ಎಂಬ ಗುರುತನ್ನು ಐದು ಮಾವಿನಹಣ್ಣೆಂದೂ ಮುಂದೆ ಮಗು ಒಪ್ಪಿಕೊಳ್ಳುವುದೂ ಇದೇ ಬಗೆಯ ಶಕ್ತಿಯಿಂದ. ಆದುದರಿಂದ ಎರಡೂವರೆ ವರ್ಷದ ಮಗು ರಂಗಭೂಮಿಗೆ ಹೊಸಬನಲ್ಲ. ಮನೆಯಲ್ಲಿ ದಿನವೂ ಆಡುತ್ತಿರುವುದನ್ನು ಹತ್ತು ಜನರ ನಡುವೆ ಕುಳಿತು ನೋಡಲು ಬಂದಿರುವ ನಟನೇ ಅದು.

ಅಂದಿನ ಅನುಭವದಲ್ಲಿ ನನ್ನನ್ನು ಹೆಚ್ಚಾಗಿ ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಮುಖವೆಲ್ಲ ನೀಲಿಯಾದ ನರಿಗೆ ಮಗು ಹೆದರಲಿಲ್ಲ; ಸಿಂಹಕ್ಕೆ ಹೆದರಿತು. ಏಕೆ? ನರಿಯಾಗುವುದನ್ನು ಅದು ಕಣ್ಣಾರೆ ಕಂಡಿತ್ತು. ಸಿಂಹ ಮಾತ್ರ ಕತ್ತಲೆಯಿಂದ ಸಿದ್ಧವಾಗಿಯೇ ಬಂದಿತು. ಆಗುವುದನ್ನು ನೋಡಿದರೆ ಕುತೂಹಲ, ಆಗಿಯೇ ಬಂದರೆ ಭಯ. ಜಗಲಿಯ ಆ ಹುಡುಗ ಮಾಡಿದ್ದು ಇಷ್ಟೇ: ಮಗುವಿಗೆ ಕಾಣದೆ ಹೋಗಿದ್ದ ‘ಆಗುವಿಕೆ’ಯನ್ನು ಮೂರು ಸಲ ಮಾಡಿ ತೋರಿಸಿದ. ಭಯವನ್ನೇ ಇಲ್ಲವಾಗಿಸಿದ ನಾಟಕ ಸಪ್ಪೆಯಾದೀತು. ದೊಡ್ಡ ಮಕ್ಕಳು ಸಿಂಹಕ್ಕಾಗಿಯೇ ಬರುತ್ತಾರೆ. ಆದರೆ ಎಳೆಯ ಮಗುವಿಗೆ ಭಯದ ಜೊತೆಗೆ ಅದರ ಬೀಗದ ಕೈಯನ್ನೂ ಕೊಡಬೇಕು.

ನಮ್ಮ ಹಿರಿಯರಿಗೆ ಇದು ಹೇಳದೆಯೇ ತಿಳಿದಿತ್ತೆಂದು ತೋರುತ್ತದೆ. ನಾನು ಚನ್ನರಾಯಪಟ್ಟಣದ ಸೀಮೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ಸುಗ್ಗಿ ಕಳೆದ ಮೇಲೆ ‘ಕುರುಕ್ಷೇತ್ರ’ ನಾಟಕ ನಡೆಯುತ್ತಿತ್ತು. ಊರಿನ ರೈತರೇ ದುರ್ಯೋಧನ, ಕರ್ಣ, ಭೀಮರು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಹಾಡು ಕಲಿಸುತ್ತಿದ್ದರು. ಸೀನರಿ, ಕಿರೀಟ, ಗದೆಗಳು ಬಾಡಿಗೆಗೆ ಬರುತ್ತಿದ್ದವು. ಆ ಸಂಜೆ ಊರಿನ ಮಕ್ಕಳೆಲ್ಲ ಇರುತ್ತಿದ್ದುದು ರಂಗದ ಮುಂದೆ ಅಲ್ಲ, ಪರದೆಯ ಹಿಂದೆ. ನೆನ್ನೆ ಹೊಲದಲ್ಲಿ ರಾಗಿ ಕಣದ ಕೆಲಸ ಮಾಡುತ್ತಿದ್ದ ದೊಡ್ಡಪ್ಪನ ಕೆನ್ನೆಗೆ ಬಣ್ಣ ಏರುವುದನ್ನೂ, ಮೀಸೆ ಅಂಟುವುದನ್ನೂ ಅವರು ಬಾಯಿ ತೆರೆದು ನೋಡುತ್ತಿದ್ದರು. ದೊಡ್ಡಪ್ಪ ದುರ್ಯೋಧನನಾಗಿ ಆರ್ಭಟಿಸುವಾಗ ಅವರಿಗೆ ಹೆದರಿಕೆಯೂ ಆಗುತ್ತಿತ್ತು, ನಗೆಯೂ ಬರುತ್ತಿತ್ತು. ಹಾಲು ಕುಡಿಯುವ ಮಕ್ಕಳು ತಾಯಂದಿರ ಮಡಿಲಲ್ಲಿ ಮಲಗಿ, ನಡುರಾತ್ರಿಯಲ್ಲಿ ಯುದ್ಧದ ಸದ್ದಿಗೆ ಎಚ್ಚೆತ್ತು, ಕಣ್ಣರಳಿಸಿ, ಮತ್ತೆ ಮಲಗುತ್ತಿದ್ದವು. ಅಳುವ ಮಗುವನ್ನು ಏಕೆ ತಂದೆಯೆಂದು ಯಾವ ತಾಯಿಯನ್ನೂ ಯಾರೂ ಕೇಳುತ್ತಿರಲಿಲ್ಲ. ಅವಳು ಎದ್ದು ಬೇವಿನ ಮರದ ಬಳಿ ನಾಲ್ಕು ಹೆಜ್ಜೆ ಅಡ್ಡಾಡಿ ಬಂದರೆ ಸಾಕಾಗಿತ್ತು.

ತೊಗಲುಗೊಂಬೆಯಾಟವೂ ಹಾಗೆಯೇ. ಮಂಡ್ಯ, ಹಾಸನ, ಬಳ್ಳಾರಿ ಮುಂತಾದ ಜಿಲ್ಲೆಗಳಲ್ಲಿ ಉಳಿದುಬಂದಿರುವ ಈ ಕಲೆಯಲ್ಲಿ ರಾಮಾಯಣದ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಂದು ನಗಿಸುತ್ತಾರೆ. ದೊಡ್ಡವರು ರಾಮನ ಕಥೆಗಾಗಿ ಕುಳಿತರೆ ಮಕ್ಕಳು ಕಿಳ್ಳೇಕ್ಯಾತನಿಗಾಗಿ ಕಾಯುತ್ತಾರೆ. ಆದರೆ ಇವೆಲ್ಲ ದೊಡ್ಡವರ ಆಟಗಳು. ಮಕ್ಕಳು ಅವುಗಳಿಗೆ ಹೇಗೋ ಹೊಂದಿಕೊಂಡರು. ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು. ಮಗುವಿನ ಅಳತೆಗೆ ಹೊಲಿದ ಅಂಗಿ ಬೇರೆ, ಅಪ್ಪನ ಅಂಗಿಯನ್ನು ಮಡಿಸಿ ತೊಡಿಸುವುದು ಬೇರೆ.

ಮಕ್ಕಳ ಅಳತೆಗೇ ನಾಟಕ ಬರೆಯಬೇಕೆಂಬ ಎಚ್ಚರ ಕನ್ನಡದಲ್ಲಿ ಹೊಸದೇನೂ ಅಲ್ಲ. ಕುವೆಂಪು ಅವರು ತಮ್ಮ ಬರವಣಿಗೆಯ ಮೊದಲ ವರ್ಷಗಳಲ್ಲಿಯೇ ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ ಎಂಬ ಮಕ್ಕಳ ನಾಟಕಗಳನ್ನು ಬರೆದರು. ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕವನವಾದರೂ ಶಾಲೆಗಳ ರಂಗದ ಮೇಲೆ ನಾಟಕವಾಗಿ ಕುಣಿಯುತ್ತಲೇ ಬಂದಿದೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಬಾಲ್ಯದಲ್ಲಿಯೇ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ ಬಿ.ವಿ. ಕಾರಂತರೂ (1929–2002), ಅವರ ಪತ್ನಿ ಪ್ರೇಮಾ ಕಾರಂತರೂ ಬೆಂಗಳೂರಿನ ‘ಬೆನಕ’ ತಂಡದ ಮೂಲಕ ಮಕ್ಕಳ ರಂಗಭೂಮಿಗೆ ಹೊಸ ಕಳೆ ತಂದರು. ಕಾರಂತರ ‘ಪಂಜರ ಶಾಲೆ’ ನಾಟಕಕ್ಕೆ ರವೀಂದ್ರನಾಥ ಠಾಕೂರರ ಒಂದು ಕಥೆ ಆಧಾರ. ಹಾಡಿಕೊಂಡಿದ್ದ ಗಿಳಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ಚಿನ್ನದ ಪಂಜರ ಮಾಡಿಸಿ, ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕಿ, ಕಡೆಗೆ ಅದರ ಪ್ರಾಣವನ್ನೇ ತೆಗೆಯುವ ಕಥೆ ಅದು. ಪಠ್ಯಪುಸ್ತಕದಲ್ಲಿ ಈ ಮಾತುಗಳನ್ನು ಓದುತ್ತಿರುವ ನೀವು ಆ ಗಿಳಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಬರೆಯುತ್ತಿರುವ ನಾನೂ ನೆನೆಯುತ್ತಿದ್ದೇನೆ.

ಮುಂದೆ ವೈದೇಹಿಯವರು ‘ನಾಯಿಮರಿ ನಾಟಕ’, ‘ಧಾಂ ಧೂಂ ಸುಂಟರಗಾಳಿ’ ಮೊದಲಾದ ನಾಟಕಗಳನ್ನು ಮಕ್ಕಳಿಗೆ ಕೊಟ್ಟರು. ಶರಾವತಿಯ ಹಿನ್ನೀರಿನ ಆಚೆಯ ತುಮರಿಯಿಂದ ‘ಕಿನ್ನರ ಮೇಳ’ವು ಮಕ್ಕಳ ನಾಟಕಗಳನ್ನು ಹೊತ್ತು ಶಾಲೆಗಳ ಬಾಗಿಲಿಗೆ ಬಂದಿತು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಬೇಸಿಗೆಯ ‘ಚಿಣ್ಣರ ಮೇಳ’ದಲ್ಲಿ ಮಕ್ಕಳೇ ಬಣ್ಣ ಹಚ್ಚುತ್ತಾರೆ. ಬೆಂಗಳೂರಿನಲ್ಲಿ 2004ರಲ್ಲಿ ತೆರೆದ ರಂಗಶಂಕರವೂ ಮಕ್ಕಳ ನಾಟಕಗಳಿಗೆ ಎಡೆಮಾಡಿಕೊಟ್ಟಿದೆ.

ಹೊರದೇಶಗಳಲ್ಲಿಯೂ ಈ ವಿಚಾರ ಹಂತಹಂತವಾಗಿ ಬೆಳೆಯಿತು. 1904ರಲ್ಲಿ ಲಂಡನ್ನಿನಲ್ಲಿ ಜೆ.ಎಂ. ಬ್ಯಾರಿಯ ‘ಪೀಟರ್ ಪ್ಯಾನ್’ ರಂಗಕ್ಕೆ ಬಂದಿತು. ಅದರಲ್ಲಿ ವಿಷ ಕುಡಿದ ಪುಟ್ಟ ಯಕ್ಷಿಣಿಯೊಬ್ಬಳು ಸಾಯುವ ಸ್ಥಿತಿಯಲ್ಲಿರುವಾಗ ಪೀಟರನು ಸಭೆಯತ್ತ ತಿರುಗಿ, ಯಕ್ಷಿಣಿಯರನ್ನು ನಂಬುವವರು ಚಪ್ಪಾಳೆ ತಟ್ಟಬೇಕೆಂದು ಬೇಡುತ್ತಾನೆ. ಚಪ್ಪಾಳೆಯ ಸದ್ದಿಗೆ ಅವಳು ಬದುಕುತ್ತಾಳೆ. ಒಂದು ಜೀವವನ್ನು ಉಳಿಸುವ ಹೊಣೆ ಮಕ್ಕಳ ಅಂಗೈಗೆ ಬಂದಿತು. 1918ರಲ್ಲಿ ರಷ್ಯದ ನತಾಲಿಯಾ ಸಾತ್ಸ್ ಮಾಸ್ಕೋದಲ್ಲಿ ಮಕ್ಕಳಿಗಾಗಿಯೇ ರಂಗಮಂದಿರವನ್ನು ಕಟ್ಟಲು ತೊಡಗಿದಾಗ ಆಕೆಗಿನ್ನೂ ಹದಿಹರೆಯ. ಇಟಲಿಯ ಬೊಲೋನ್ಯ ನಗರದ ‘ಲಾ ಬರಾಕ್ಕಾ’ ತಂಡವು 1987ರಿಂದ ಮೂರು ವರ್ಷದೊಳಗಿನ ಮಕ್ಕಳಿಗಾಗಿಯೇ ನಾಟಕಗಳನ್ನು ರಚಿಸತೊಡಗಿತು. ಎಳೆಯ ಮಗುವೂ ಪ್ರೇಕ್ಷಕನೇ ಎಂಬುದು ನನ್ನೊಬ್ಬನ ಹುಚ್ಚು ವಿಚಾರವಲ್ಲವೆಂದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಕಷ್ಟವೇಕೆ, ಮನೆಯಲ್ಲಿಯೇ ಮೊಬೈಲಿನಲ್ಲಿ ಎಷ್ಟು ಬೇಕಾದರೂ ಕಥೆಗಳನ್ನು ತೋರಿಸಬಹುದಲ್ಲ ಎಂದು ಕೆಲವರು ಹೇಳಿಯಾರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸಲಹೆಯಂತೆ ಒಂದು ವರ್ಷದ ಮಗುವಿಗೆ ಪರದೆಯ ನೋಟವೇ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕುಳಿತು ನೋಡುವ ಪರದೆ ದಿನಕ್ಕೆ 1 ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಮೇಲು. ಆದರೆ ನನ್ನ ವಾದ ಗಂಟೆಯ ಲೆಕ್ಕದ್ದಲ್ಲ. ಪರದೆಯ ಮೇಲಿನ ಸಿಂಹಕ್ಕೆ ಮಗುವಿನ ಅಳು ಕೇಳಿಸುವುದಿಲ್ಲ. ಅದು ಕೆಳಗಿಳಿದು ಬಂದು ಜಗಲಿಯ ಮೆಟ್ಟಿಲ ಮೇಲೆ ಕುಳಿತುಕೊಳ್ಳುವುದಿಲ್ಲ. ಅದಕ್ಕೆ ಬೆವರಿಲ್ಲ, ಬಾಯಾರಿಕೆಯಿಲ್ಲ. ರಂಗದ ಮೇಲಿರುವವನು ಮನುಷ್ಯ. ಅವನು ನಮ್ಮನ್ನು ನೋಡುತ್ತಾನೆ, ನಮ್ಮ ನಗೆಗಾಗಿ ಕಾಯುತ್ತಾನೆ, ನಮ್ಮ ಅಳುವಿಗೆ ನೊಂದುಕೊಳ್ಳುತ್ತಾನೆ. ಒಬ್ಬ ಮನುಷ್ಯನು ಇನ್ನೊಬ್ಬನಾಗಿ, ಮತ್ತೆ ತಾನಾಗುವುದನ್ನು ಮಗು ಹತ್ತಿರದಿಂದ ನೋಡಲಿ ಎಂಬುದಷ್ಟೇ ನನ್ನ ಆಸೆ. ಇನ್ನೊಬ್ಬನ ಸ್ಥಾನದಲ್ಲಿ ನಿಂತು ನೋಡುವ ಗುಣಕ್ಕೆ ಇದಕ್ಕಿಂತ ಸರಳವಾದ ಮೊದಲ ಪಾಠ ನನಗೆ ಕಾಣದು.

ಹಾಗೆಂದು ಸಿಕ್ಕಿದ ನಾಟಕಕ್ಕೆಲ್ಲ ಮಗುವನ್ನು ಹೊತ್ತುಕೊಂಡು ಹೋಗಬೇಕೆಂದು ನಾನು ಹೇಳುವುದಿಲ್ಲ. ಕರೆದುಕೊಂಡು ಹೋಗುವವರಿಗೆ ಹೊಣೆಗಾರಿಕೆಯುಂಟು. ನಾನು ಮಾಡಿದ ತಪ್ಪುಗಳನ್ನೇ ಇಲ್ಲಿ ನೆನೆಯಬಹುದು. ಮಗು ನಿದ್ದೆ ಮಾಡಿ, ಹಾಲು ಕುಡಿದು ಹಸನ್ಮುಖಿಯಾಗಿರುವ ಹೊತ್ತನ್ನು ಆರಿಸಿಕೊಳ್ಳಬೇಕಿತ್ತು. ಮುಂದಿನ ಸಾಲಿನ ಆಸೆಯನ್ನು ಬಿಟ್ಟು, ಬಾಗಿಲ ಬಳಿ ಕುಳಿತುಕೊಳ್ಳಬೇಕಿತ್ತು. ಹಿಂದಿನ ದಿನವೇ ನರಿಯ ಕಥೆಯನ್ನು ಹೇಳಿ, ಸಿಂಹವೊಂದು ಬರುವುದೆಂದು ತಿಳಿಸಬೇಕಿತ್ತು. ಮಗು ಅತ್ತೊಡನೆ ಎದ್ದು ಹೊರಗೆ ಹೋಗುವುದು ಸೋಲಲ್ಲ. ಉಳಿದವರ ನಾಟಕವನ್ನು ಕಾಪಾಡುವ ಸೌಜನ್ಯ. ಅರ್ಧ ನಾಟಕ ನೋಡಿ ಮನೆಗೆ ಬಂದರೂ ನಷ್ಟವಿಲ್ಲ. ಮಗು ಬೇಡವೆಂದಾಗ ಬಲವಂತ ಮಾಡುವುದು ಮಾತ್ರ ದೊಡ್ಡ ತಪ್ಪು. ಹಾಗೆಯೇ ನಾಟಕದವರಿಗೂ ಹೊಣೆಯುಂಟು. ಯಾವ ವಯಸ್ಸಿನ ಮಕ್ಕಳಿಗೆ ತಕ್ಕುದೆಂದು ಮೊದಲೇ ತಿಳಿಸುವುದು, ಎಳೆಯ ಮಕ್ಕಳಿರುವಾಗ ಪೂರ್ಣ ಕತ್ತಲೆಯನ್ನೂ ಕಿವುಡಾಗಿಸುವ ಧ್ವನಿವರ್ಧಕವನ್ನೂ ಬಿಡುವುದು ಅಸಾಧ್ಯವಾದ ಕೆಲಸಗಳಲ್ಲ.

ಇಲ್ಲಿಯವರೆಗೆ ನಾನು ಹೇಳಿದ್ದು ಹಾಸನಕ್ಕೆ ಹೋಗಿಬರಲು ಸಾಧ್ಯವಾದ ಮಗುವಿನ ವಿಷಯ. ಹಾಸನದಲ್ಲಿ ಹಾಸನಾಂಬ ಕಲಾಕ್ಷೇತ್ರವಿದೆ; ಆಗಾಗ ತಂಡಗಳು ಬರುತ್ತವೆ. ಆದರೆ ಅರಕಲಗೂಡಿನ, ಹೊಳೆನರಸೀಪುರದ, ಚನ್ನರಾಯಪಟ್ಟಣದ ಹಳ್ಳಿಗಳ ಮಕ್ಕಳ ಗತಿಯೇನು? ಭಾನುವಾರವೂ ಕೂಲಿಗೆ ಹೋಗಬೇಕಾದ ತಾಯಿ ಮಗುವನ್ನೆತ್ತಿಕೊಂಡು 30 ಕಿಲೋಮೀಟರು ಬಸ್ಸಿನಲ್ಲಿ ಹೋಗಿ ನಾಟಕ ತೋರಿಸುವಳೆ? ಅನುಕೂಲವಂತರ ಮಕ್ಕಳಿಗೆ ಮಾತ್ರ ದೊರೆಯುವ ಆಟಿಕೆಯಾದರೆ ನಾಟಕದ ಪರವಾಗಿ ನಾನು ಮಾಡಿದ ವಾದವೆಲ್ಲ ಟೊಳ್ಳು. ಮಗು ನಾಟಕಕ್ಕೆ ಬರಲಾಗದಿದ್ದರೆ ನಾಟಕವೇ ಮಗುವಿನ ಬಳಿಗೆ ಹೋಗಬೇಕು.

ಹೋಗಲು ಸ್ಥಳ ಸಿದ್ಧವಾಗಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ಹೆಜ್ಜೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಬೆಳೆದ ಅಂಗನವಾಡಿಗಳು ಇಂದು ಹಳ್ಳಿಹಳ್ಳಿಯಲ್ಲಿವೆ. ಅಲ್ಲಿ ಮಕ್ಕಳಿಗೆ ಊಟವಿದೆ, ಚುಚ್ಚುಮದ್ದಿನ ವ್ಯವಸ್ಥೆಯಿದೆ, ಹಾಡಿದೆ. ವರ್ಷಕ್ಕೆ ಎರಡು ಸಲ ಒಂದು ಆಟವೂ ಏಕಿರಬಾರದು?

ಆಡುವವರು ಯಾರು ಎಂದು ನೀವು ಕೇಳಬಹುದು. ನೀವೇ! ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆಂದು ನೀವು ವಾರಗಟ್ಟಲೆ ನಾಟಕ ಕಲಿಯುತ್ತೀರಿ. ಒಂದು ಸಂಜೆ ಆಡಿ ಮುಗಿಸುತ್ತೀರಿ. ಅದರ ಜೊತೆಗೆ ಇಪ್ಪತ್ತು ನಿಮಿಷದ ಒಂದು ಸಣ್ಣ ಆಟವನ್ನು ಕಲಿತು, ನಿಮ್ಮ ಊರಿನ ಅಂಗನವಾಡಿಯ ಅಂಗಳದಲ್ಲಿ ಹಗಲು ಬೆಳಕಿನಲ್ಲಿಯೇ ಆಡಬಹುದು. ಅದಕ್ಕೆ ವೇದಿಕೆ ಬೇಡ, ಧ್ವನಿವರ್ಧಕ ಬೇಡ, ಸೀನರಿ ಬೇಡ. ಒಂದು ಚಾಪೆ, ಒಂದು ತಮಟೆ, ಸ್ವಲ್ಪ ಬಣ್ಣ ಸಾಕು. ಮಾತು ಕಡಿಮೆಯಿರಲಿ, ಹಾಡು ಹೆಚ್ಚಿರಲಿ. ವೇಷವನ್ನು ಮಕ್ಕಳ ಕಣ್ಣೆದುರಿಗೇ ಕಟ್ಟಿಕೊಳ್ಳಿ. ಆಟ ಮುಗಿದ ಮೇಲೆ ಮುಖವಾಡವನ್ನು ಅವರ ಕೈಗೆ ಕೊಡಿ. ಆ ಮಕ್ಕಳಲ್ಲಿ ನಿಮ್ಮ ತಮ್ಮನೋ ತಂಗಿಯೋ ಇದ್ದೇ ಇರುತ್ತಾರೆ. ನೆನ್ನೆ ಜಡೆ ಹಿಡಿದು ಜಗಳವಾಡಿದ ಅಕ್ಕ ಇಂದು ಮೊಲವಾಗಿರುವುದನ್ನು ಕಂಡ ಮಗು ಅದನ್ನು ಬಹಳ ದಿನ ಮರೆಯಲಾರದು. ನಟಿಸುವ ನಿಮಗೂ ಒಂದು ಲಾಭವುಂಟು. ದೊಡ್ಡವರ ಸಭೆ ನಾಟಕ ಸಪ್ಪೆಯಾದರೂ ಮರ್ಯಾದೆಗಾಗಿ ಚಪ್ಪಾಳೆ ತಟ್ಟುತ್ತದೆ. ಎರಡೂವರೆ ವರ್ಷದ ಪ್ರೇಕ್ಷಕನಿಗೆ ಆ ಮರ್ಯಾದೆ ತಿಳಿಯದು. ಬೇಸರವಾದರೆ ಎದ್ದು ನಡೆಯುತ್ತದೆ. ಮೆಚ್ಚಿದರೆ ರಂಗದ ಮೇಲೆಯೇ ಬಂದು ಕುಳಿತುಬಿಡುತ್ತದೆ. ಅಷ್ಟು ಪ್ರಾಮಾಣಿಕವಾದ ವಿಮರ್ಶಕರು ನಿಮಗೆ ಬೇರೆಲ್ಲಿಯೂ ಸಿಕ್ಕುವುದಿಲ್ಲ.

ನಾಟಕ ನೋಡಿ ಬಂದ ಮೂರನೆಯ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ನನ್ನ ಹೆಂಡತಿ ಹಿತ್ತಲ ಬಾಗಿಲಿನಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಪುಟ್ಟಿ ಅಡಿಗೆಮನೆಯಿಂದ ಮೊರವನ್ನು ಎಳೆದುಕೊಂಡು ಬಂದು, ಅದನ್ನು ಎರಡು ಕೈಗಳಿಂದಲೂ ಮುಖಕ್ಕೆ ಹಿಡಿದು ಅಜ್ಜಿಯ ಎದುರಿಗೆ ನಿಂತಿತು. ಗರ್ಜಿಸುವುದೆಂದು ನಾನು ಕಾದೆ. ಅದು ಗರ್ಜಿಸಲಿಲ್ಲ. ಮೊದಲು ಮೊರವನ್ನು ಸ್ವಲ್ಪ ಕೆಳಗಿಳಿಸಿ, ಎರಡು ಕಣ್ಣುಗಳನ್ನು ಮಾತ್ರ ತೋರಿಸಿ, “ಅಜ್ಜಿ, ನಾನೇ. ಹೆದರಬೇಡ” ಎಂದಿತು. ಆ ಮೇಲೆ ಮೊರವನ್ನು ಮತ್ತೆ ಮುಖಕ್ಕೆ ಹಿಡಿದು, ಮನೆ ಮೊಳಗುವಂತೆ ಗರ್ಜಿಸಿತು.

ಅಷ್ಟು ಚಿಕ್ಕ ಮಗುವಿಗೆ ನಾಟಕ ಏನು ತಿಳಿದೀತೆಂದು ಕೇಳಿದ ನನ್ನ ಸಹೋದ್ಯೋಗಿಗೆ ಈ ಸಂಗತಿಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ಸಲ ಹೋಗುವಾಗ ನಮ್ಮ ಮೊಮ್ಮಗನನ್ನೂ ಕರೆದುಕೊಂಡು ಹೋಗಿ ಮೇಷ್ಟ್ರೇ” ಎಂದರು. “ನೀವೂ ಬನ್ನಿ” ಎಂದೆ.